ಸಗಣಿಯೂ ಹಾಕದ ಮೂಲಂಗಿ ಪಾತಿ

ಜಪಾನಿನ ಶಿಗಾ ಪ್ರಾಂತ್ಯಕ್ಕೆ ಕೆಲಸಕ್ಕೆ ಬಂದ ಮೇಲೆ ತುಂಡು ನೆಲವೊಂದನ್ನು ಬಾಡಿಗೆಗೆ ಹಿಡಿದೆ. ಪಕ್ಕದ ಪಾತಿಯ ಅಜ್ಜಿ ಶಿಂಜಿ ಶುಮೇಕಾಯ್ ಅನ್ನುವ ಧಾರ್ಮಿಕ ಪಂಥದವರು. ಅವರ ಮುಖ್ಯ ಕೇಂದ್ರ ಇಲ್ಲೇ ಶಿಗರಾಕಿ ಬೆಟ್ಟಗಳಲ್ಲಿದೆ. ನಾನು ಗೊಬ್ಬರದ ಚೀಲ ಹೊತ್ತು ಬಂದದ್ದು ನೋಡಿ "ಮಣ್ಣಿಗೆ ಅದು ಬೇಡಪ್ಪ" ಅಂದರು. ಇದು ಬರೀ ಸಗಣಿ ಗೊಬ್ಬರ ಅಂದೆ. ಅದೂ ಬೇಡವಂತೆ.

ನಾನು ಮಲೆನಾಡಿನವನು. ದರಗು ಗುಡಿಸಿ ತಂದು, ದನದ ಕಾಲಡಿ ಹಾಸಿ, ಗೊಬ್ಬರ ಮಾಡುವುದನ್ನು ನೋಡುತ್ತಲೇ ಬೆಳೆದವನು. ಈ ಮಾತು ಒಪ್ಪಲು ತುಂಬಾ ದಿನ ಹಿಡಿಯಿತು.

ಈ ವಿಚಾರ ಮೊಕಿಚಿ ಒಕಾಡಾ (1882–1955) ಅವರದು. 1935ರಲ್ಲಿ ಅವರು ಕಟ್ಟಿದ ಪಂಥದಿಂದ 1970ರಲ್ಲಿ ಬೇರೆಯಾದದ್ದು ಶುಮೇಕಾಯ್. ಸಹಜ ಕೃಷಿ ಅಂದರೆ ನಮಗೆ ಉಳುಮೆ ಮಾಡದೆ ಬೆಳೆದು ತೋರಿಸಿದ ಜಪಾನಿನ ರೈತ ಫುಕುವೋಕಾ ನೆನಪಾಗುತ್ತಾರೆ, ಅಲ್ವಾ? ಇದು ಬೇರೆ ದಾರಿ. ಬೆಳೆಸುವ ಶಕ್ತಿ ಮಣ್ಣಿನೊಳಗೇ ಇದೆ, ಗೊಬ್ಬರ ಹಾಕಿದಷ್ಟೂ ಅದು ಮಂಕಾಗುತ್ತದೆ ಅನ್ನುವುದು ಒಕಾಡಾ ನಂಬಿಕೆ. ಕೊಳೆತ ಎಲೆ, ಹುಲ್ಲು ಸೇರಿಸಬಹುದು. ಅದೂ ಊಟ ಅಂತಲ್ಲ. ಮಣ್ಣು ಮೆತ್ತಗೆ, ಬೆಚ್ಚಗೆ, ಹಸಿಯಾಗಿ ಇರಲಿ ಅಂತ.

ಮೊದಲ ವರ್ಷ ಸೆಪ್ಟೆಂಬರಿನಲ್ಲಿ ಬಿತ್ತಿದ ಮೂಲಂಗಿ ಹೆಬ್ಬೆರಳು ಗಾತ್ರಕ್ಕೇ ನಿಂತಿತು. ಎಲೆಯೆಲ್ಲ ಹಳದಿ. "ಹಳೇ ಗೊಬ್ಬರ ಇನ್ನೂ ಮಣ್ಣಲ್ಲಿದೆ, ಬೀಜದಲ್ಲೂ ಇದೆ. ಇನ್ಮೇಲೆ ಬೀಜ ನೀನೇ ಮಾಡಿಕೋ" ಅಂದರು ಅಜ್ಜಿ. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಇದ್ದುದರಲ್ಲಿ ಚೆನ್ನಾಗಿದ್ದ ಆರು ಗಿಡ ಕೀಳದೆ ಬಿಟ್ಟೆ. ಏಪ್ರಿಲಿನಲ್ಲಿ ಹೂ ಬಂತು. ಕಾಯಿ ಗಿಡದಲ್ಲೇ ಒಣಗಲಿ ಅಂತ ಸುಮ್ನೆ ಇದ್ದೆ. ಜೂನ್ ಮಳೆಗೆ ಅರ್ಧ ಬೂಸಲು ಹಿಡಿಯಿತು. ಮರುವರ್ಷ ಮಳೆಗೆ ಮುಂಚೆಯೇ ಕೊಯ್ದು ಸೂರಿನಡಿ ನೇತುಹಾಕಿದೆ. ಮೂಲಂಗಿ ಕಾಯಿ ಸಾಸಿವೆ ಹಾಗೆ ತಾನಾಗಿ ಬಿರಿಯುವುದಿಲ್ಲ, ಒಣಗಿದರೆ ಬೆಂಡಿನ ಹಾಗಿರುತ್ತದೆ. ಬಟ್ಟೆಯಲ್ಲಿ ಕಟ್ಟಿ, ಮರದ ತುಂಡಿನಿಂದ ಬಡಿದು, ತೂರಿದೆ. ಒಂದು ಹಿಡಿ ಕೆಂಗಂದು ಬೀಜ ಸಿಕ್ಕಿತು.

ಮೂರನೇ ವರ್ಷ ಆ ಬೀಜದ ಗಿಡಗಳು ಎದ್ದು ನಿಂತವು. ಪಾತಿಗೆ ಬೆರಳು ಒತ್ತಿದರೆ ಎರಡು ಗೆಣ್ಣು ಸಲೀಸಾಗಿ ಇಳಿಯುತ್ತಿತ್ತು.

ಅಜ್ಜಿ ದಿನಾ ಪಾತಿಗೆ ಇಳಿಯುವ ಮುಂಚೆ ಮಣ್ಣಿಗೆ ತಲೆಬಾಗುತ್ತಾರೆ. ನಾನು ಪಂಥ ಸೇರಿಲ್ಲ, ಆದರೂ ಈಗ ಹಾಗೇ ಮಾಡುತ್ತೇನೆ. ನಮ್ಮೂರಿನ ಭೂಮಿ ಹುಣ್ಣಿಮೆ ಬಗ್ಗೆ ಅವರಿಗೆ ಹೇಳಿದ್ದೆ. ಪೈರು ಹೊತ್ತ ನೆಲ ಬಸುರಿ, ಅವಳಿಗೆ ಬಯಕೆ ಊಟ ಬಡಿಸುತ್ತೇವೆ ಅಂತ. ಆ ಅಕ್ಟೋಬರ್ ಹುಣ್ಣಿಮೆಗೆ ಒಂದು ತುತ್ತು ಅನ್ನ, ಬೆಂದ ಸೊಪ್ಪು ತೆಗೆದುಕೊಂಡು ಹೋದೆ. ಪಾತಿಗೆ ಏನೂ ಹಾಕಬಾರದಲ್ಲ, ಇಡಬಹುದಾ ಅಂತ ಕೇಳಿದೆ. ಅಜ್ಜಿ ಕೈಗವಸು ಬಿಚ್ಚಿ, ಎಲೆ ಸರಿಸಿ, ಮೂಲಂಗಿ ಬುಡದಲ್ಲಿ ಜಾಗ ಮಾಡಿಕೊಟ್ಟರು.