ಪೀಣ್ಯದ ಅಕೌಂಟ್ಸ್ ಸೆಕ್ಷನ್‌ನಿಂದ ದೊಡ್ಡ ಆಡಿಟ್ ಸಂಸ್ಥೆಗೆ: ನನ್ನ ಅನುಭವ

ಇಂಟರ್‌ವ್ಯೂನಲ್ಲಿ ಪಾರ್ಟ್ನರ್ ಕೇಳಿದ ಮೊದಲ ಪ್ರಶ್ನೆ, "ಆಡಿಟರ್‌ಗಳು ಬಂದಾಗ ನೀವು ಏನು ಮಾಡ್ತಿದ್ರಿ?" ನಾನು ಯೋಚನೆಯನ್ನೇ ಮಾಡದೆ ಹೇಳಿಬಿಟ್ಟೆ: "ಮೊದಲು ತಿಂಡಿ ತರಿಸ್ತಿದ್ದೆ ಸರ್. ಆಮೇಲೆ ಅವರು ಕೇಳಿದ್ದಷ್ಟನ್ನೇ ಕೊಡ್ತಿದ್ದೆ." ಅವರು ಜೋರಾಗಿ ನಕ್ಕರು. ಕೆಲಸ ಸಿಕ್ಕಿದ್ದು ಆ ಉತ್ತರದಿಂದಲೇ ಅಂತ ನನಗೆ ಈಗಲೂ ಅನುಮಾನ.

ಸಿಎ ಮುಗಿಸಿ ಆರು ವರ್ಷ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಂಡಿದ್ದೆ. ಸಂಬಳಕ್ಕೆ ಕೊರತೆ ಇರಲಿಲ್ಲ. ಮನೆಗೂ ಹತ್ತಿರ. ಆದರೆ ತಿಂಗಳಿಗೊಂದು ಕ್ಲೋಸಿಂಗ್, ವರ್ಷಕ್ಕೊಂದು ಬ್ಯಾಲೆನ್ಸ್ ಶೀಟ್, ಅದೇ ಸಪ್ಲೈಯರ್‌ಗಳು, ಅದೇ ಜಗಳ. ಒಂದೇ ಕಂಪನಿಯ ಲೆಕ್ಕ ಬಾಯಿಪಾಠವಾಗಿತ್ತು. ಪಕ್ಕದ ಶೆಡ್ಡಿನವರ ಲೆಕ್ಕ ಹೇಗಿರುತ್ತೆ ಅಂತ ಮಾತ್ರ ಗೊತ್ತಿರಲಿಲ್ಲ. ಸಿಎ ಓದುವಾಗಿನ ತರಬೇತಿ, ಅಂದರೆ ಆರ್ಟಿಕಲ್‌ಶಿಪ್, ಮಾಡಿದ್ದೂ ಮಲ್ಲೇಶ್ವರದ ಒಂದು ಸಣ್ಣ ಆಫೀಸಿನಲ್ಲಿ. ಅಲ್ಲಿ ರಿಟರ್ನ್ಸ್ ಫೈಲ್ ಮಾಡಿದ್ದೇ ಜಾಸ್ತಿ.

ಮೂರು ತಿಂಗಳು ಬೆಳಗ್ಗೆ ಐದಕ್ಕೆ ಎದ್ದು ಆಡಿಟಿಂಗ್ ಸ್ಟ್ಯಾಂಡರ್ಡ್ಸ್ ಓದಿದೆ. ನಂಬರ್ ಸಮೇತ ಉರು ಹೊಡೆದೆ. ಸುಮ್ನೆ ದಂಡ. ನಂಬರ್ ಯಾರೂ ಕೇಳಲಿಲ್ಲ. ಅವರು ಕೇಳಿದ್ದು ಹೀಗೆ: "ಬ್ಯಾಂಕ್ ಬ್ಯಾಲೆನ್ಸ್ ಕನ್ಫರ್ಮೇಷನ್ ಕ್ಲೈಂಟ್ ಆಫೀಸಿಗೆ ಬಂತು. ಅವರ ಅಕೌಂಟೆಂಟ್ ತಂದು ನಿಮ್ಮ ಕೈಗೆ ಕೊಟ್ಟರು. ಏನು ಮಾಡ್ತೀರಿ?" ಖಾತೆಯಲ್ಲಿ ಎಷ್ಟಿದೆ ಅಂತ ಖಚಿತಪಡಿಸುವ ಬ್ಯಾಂಕಿನ ಉತ್ತರ ನೇರವಾಗಿ ಆಡಿಟರ್‌ಗೇ ಬರಬೇಕು ಅಂತ ಎಸ್‌ಎ 505 ಅನ್ನುವ ಆಡಿಟಿಂಗ್ ಸ್ಟ್ಯಾಂಡರ್ಡ್ ಹೇಳುತ್ತದೆ. ಆದರೆ ಪೀಣ್ಯದಲ್ಲಿ ಹಾಗೆ ತಂದು ಕೊಡುತ್ತಿದ್ದ ಅಕೌಂಟೆಂಟ್ ನಾನೇ. ಅದನ್ನೂ ಒಪ್ಪಿಕೊಂಡೆ.

ಹುದ್ದೆ ಒಂದು ಮೆಟ್ಟಿಲು ಇಳಿಯಿತು. ಮ್ಯಾನೇಜರ್ ಆಗಿದ್ದವಳು ಅಸಿಸ್ಟೆಂಟ್ ಮ್ಯಾನೇಜರ್ ಆದೆ. ಸಂಬಳ ಹೆಚ್ಚುಕಮ್ಮಿ ಅಷ್ಟೇ. ಸೇರುವ ಮೊದಲೇ ಇಂಡಿಪೆಂಡೆನ್ಸ್ ಡಿಕ್ಲರೇಷನ್ ಅಂತ ಒಂದು ಉದ್ದನೆಯ ಫಾರಂ ಬಂತು. ನನ್ನ ಹೆಸರಿನಲ್ಲಿ, ನಮ್ಮ ಮನೆಯವರ ಹೆಸರಿನಲ್ಲಿ ಯಾವ ಷೇರು, ಯಾವ ಫಂಡ್, ಎಲ್ಲ ತುಂಬಬೇಕು. ಆ ಸಂಸ್ಥೆ ಆಡಿಟ್ ಮಾಡುವ ಕಂಪನಿಗಳ ಷೇರು ಇದ್ದರೆ ಮಾರಬೇಕು. ಇವರು ಆಸೆಪಟ್ಟು ಇಟ್ಟುಕೊಂಡಿದ್ದ ಎರಡು ಕಂಪನಿಯ ಷೇರುಗಳು ಹೋದವು. "ಕೆಲಸ ನಿನಗಾ, ನನಗಾ?" ಅಂತ ಒಂದು ವಾರ ಗೊಣಗಿದರು. ಇದೊಂದನ್ನು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ನಿಜವಾದ ಪೆಟ್ಟು ಬಿದ್ದಿದ್ದು ಮೊದಲ ವರ್ಕಿಂಗ್ ಪೇಪರ್‌ನಲ್ಲಿ, ಅಂದರೆ ಆಡಿಟ್‌ನಲ್ಲಿ ನೋಡಿದ್ದನ್ನು ಬರೆದಿಡುವ ಹಾಳೆಯಲ್ಲಿ. ಕ್ಲೈಂಟಿನ ಬಾಡಿಗೆ ಖರ್ಚು ಹಿಂದಿನ ವರ್ಷಕ್ಕಿಂತ ತುಂಬಾ ಏರಿತ್ತು. "ಹೊಸ ಗೋಡೌನ್ ತೆಗೆದುಕೊಂಡಿದ್ದರಿಂದ ಜಾಸ್ತಿಯಾಗಿದೆ" ಅಂತ ಒಂದು ಸಾಲು ಬರೆದು ಮುಗಿಸಿದೆ. ಕಾರ್ಖಾನೆಯಲ್ಲಿ ಎಂಡಿಗೆ ಅಷ್ಟು ಹೇಳಿದರೆ ಸಾಕಿತ್ತು. ನನ್ನ ಮ್ಯಾನೇಜರ್ ನನಗಿಂತ ನಾಲ್ಕು ವರ್ಷ ಚಿಕ್ಕ ಹುಡುಗ. ಅವನ ರಿವ್ಯೂ ನೋಟ್ ಬಂತು: ಯಾರು ಹೇಳಿದರು? ಯಾವತ್ತು? ಅಗ್ರಿಮೆಂಟ್ ನೋಡಿದಿರಾ? ಯಾವ ತಿಂಗಳಿಂದ ಶುರು? ಅಷ್ಟು ತಿಂಗಳ ಬಾಡಿಗೆ ಲೆಕ್ಕ ಹಾಕಿದರೆ ಏರಿಕೆ ಪೂರ್ತಿ ಅದರಿಂದಲೇ ಬಂತಾ? ಕೂತು ಲೆಕ್ಕ ಹಾಕಿದೆ. ಪೂರ್ತಿ ಬರಲಿಲ್ಲ! ಉಳಿದದ್ದು ಯಾರೋ ತಪ್ಪಿ ಬಾಡಿಗೆ ಖಾತೆಗೆ ಹಾಕಿದ್ದ ಡಿಪಾಸಿಟ್ ದುಡ್ಡು.

ಅವತ್ತು ರಾತ್ರಿ ಮೆಟ್ರೋದಲ್ಲಿ ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸುವಾಗಲೂ ಅದೇ ತಲೆಯಲ್ಲಿ. ಇಷ್ಟು ವರ್ಷ "ನನಗೆ ಗೊತ್ತು" ಅನ್ನುವುದೇ ನನ್ನ ಬಂಡವಾಳವಾಗಿತ್ತು. ಇಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಆ ಕೆಲಸಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬ ಅನುಭವಿ ಆಡಿಟರ್ ಫೈಲ್ ತೆರೆದರೆ, ನಾನು ಏನು ನೋಡಿದೆ, ಯಾಕೆ ಹಾಗೆ ತೀರ್ಮಾನ ಮಾಡಿದೆ ಅಂತ ಅವನಿಗೆ ಅರ್ಥವಾಗಬೇಕು. ಎಸ್‌ಎ 230 ಕೇಳುವುದು ಅಷ್ಟೇ. ರಿಪೋರ್ಟ್‌ಗೆ ಸಹಿ ಬಿದ್ದ ಮೇಲೆ ಫೈಲ್ ಒಪ್ಪವಾಗಿ ಜೋಡಿಸಿ ಮುಚ್ಚುವುದಕ್ಕೆ ಸಾಮಾನ್ಯವಾಗಿ 60 ದಿನ. ಆಮೇಲೆ ನೆನಪಾಯಿತು ಅಂತ ಸೇರಿಸುವ ಹಾಗಿಲ್ಲ.

ಹಾಗಾದರೆ ಆರು ವರ್ಷದ ಪೀಣ್ಯ ದಂಡವಾಯಿತಾ? ಇಲ್ಲ. ಅದು ಕೈಹಿಡಿದದ್ದು ಮಾರ್ಚ್ 31ರಂದು, ಬೊಮ್ಮಸಂದ್ರದ ಒಂದು ಕಾರ್ಖಾನೆಯ ಸ್ಟಾಕ್ ಕೌಂಟ್‌ನಲ್ಲಿ. ಜೊತೆಗಿದ್ದ ಆರ್ಟಿಕಲ್ಸ್ ಹುಡುಗರು ಪಟ್ಟಿ ಹಿಡಿದು ರ್‍ಯಾಕ್ ಎಣಿಸುತ್ತಿದ್ದರು. ನಾನು ಮೊದಲು ಗೇಟಿಗೆ ಹೋದೆ. ಗೇಟ್ ರಿಜಿಸ್ಟರ್, ಕೊನೆಯ ಜಿಆರ್‌ಎನ್ (ಮಾಲು ಒಳಗೆ ಬಂದಾಗ ಬರೆಯುವ ಚೀಟಿ) ನಂಬರ್, ಕೊನೆಯ ಇನ್‌ವಾಯ್ಸ್ ನಂಬರ್ ಬರೆದುಕೊಂಡೆ. ವರ್ಷದ ಕೊನೆಯ ದಿನ ಟಾರ್ಗೆಟ್ ಮುಟ್ಟಿಸಲು ಇನ್‌ವಾಯ್ಸ್ ಮಾಡಿ ಲಾರಿಯನ್ನು ಒಳಗೇ ನಿಲ್ಲಿಸಿಕೊಳ್ಳುವುದು ಉಂಟು. ನಮ್ಮಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಶೆಡ್ಡಿನ ಹಿಂದೆ ಟ್ಯಾಗ್ ಇಲ್ಲದ ಒಂದಷ್ಟು ಕಾಸ್ಟಿಂಗ್ ಕಂಡವು. "ಏನಣ್ಣ ಇದು?" ಅಂದೆ. "ಜಾಬ್ ವರ್ಕ್ ಮಾಲು ಮೇಡಮ್ಮೋರೆ, ನಮ್ದಲ್ಲ" ಅಂದರು ಸ್ಟೋರ್ ಕೀಪರ್. ಅಂದರೆ ಬೇರೆ ಕಂಪನಿಯವರು ಕೆಲಸ ಮಾಡಿಕೊಡಿ ಅಂತ ಕಳಿಸಿದ್ದು. ಸರಿ. ಹಾಗಾದರೆ ನಿಮ್ಮ ಮಾಲು ಬೇರೆಯವರ ಹತ್ತಿರ ಎಷ್ಟಿದೆ ಅಂತ ಚಲನ್ ಫೈಲ್ ಕೇಳಿದೆ. ಪ್ಲೇಟಿಂಗ್‌ಗೆ (ಲೋಹದ ಲೇಪನಕ್ಕೆ) ಹೊರಗೆ ಕಳಿಸಿದ್ದ ಒಂದು ಲಾಟಿಗೆ ಹದಿನಾಲ್ಕು ತಿಂಗಳಾಗಿತ್ತು. ಅದಿನ್ನೂ ಸ್ಟಾಕ್ ಪಟ್ಟಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಜಾಬ್ ವರ್ಕ್‌ಗೆ ಹೋದ ಕಚ್ಚಾ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ, ಅವಧಿ ವಿಸ್ತರಿಸಿಕೊಂಡಿಲ್ಲದಿದ್ದರೆ, ಜಿಎಸ್‌ಟಿ ಪ್ರಕಾರ ಕಳಿಸಿದ ದಿನವೇ ಸಪ್ಲೈ ಮಾಡಿದಂತೆ. ಪ್ಲೇಟಿಂಗ್‌ನವರಿಗೆ ಪತ್ರ ಬರೆದು ಕೇಳಿದರೆ, ಅರ್ಧ ಮಾಲು ಹಾಳಾಗಿ ಗುಜರಿಗೆ ಹೋಗಿದೆ ಅಂತ ಉತ್ತರ. ಆ ಹುಡುಗ ಮ್ಯಾನೇಜರ್ ಅವತ್ತಿನಿಂದ ಸ್ಟಾಕ್ ವಿಷಯ ಬಂದರೆ ನನ್ನನ್ನೇ ಕರೆಯುತ್ತಾನೆ.

ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ವಿಷಯವೂ ಹಾಗೇ. ವರ್ಕಿಂಗ್ ಕ್ಯಾಪಿಟಲ್ ಲಿಮಿಟ್ (ದಿನನಿತ್ಯದ ವ್ಯವಹಾರಕ್ಕೆ ಕೊಡುವ ಸಾಲದ ಮಿತಿ) 5 ಕೋಟಿ ದಾಟಿದರೆ, ಮೂರು ತಿಂಗಳಿಗೊಮ್ಮೆ ಬ್ಯಾಂಕಿಗೆ ಕೊಟ್ಟ ಲೆಕ್ಕ ಪುಸ್ತಕಕ್ಕೆ ತಾಳೆಯಾಗುತ್ತಾ ಅಂತ ಕ್ಯಾರೋ 2020 (ಆಡಿಟ್ ವರದಿಯಲ್ಲಿ ಏನೇನು ಹೇಳಬೇಕು ಅನ್ನುವ ಸರ್ಕಾರಿ ಆದೇಶ) ಪ್ರಕಾರ ಆಡಿಟರ್ ಹೇಳಬೇಕು. ಆ ಸ್ಟೇಟ್‌ಮೆಂಟ್‌ಗಳನ್ನು ಕ್ಲೋಸಿಂಗ್ ಮುಗಿಯುವ ಮೊದಲೇ, ಬ್ಯಾಂಕಿನವರ ಫೋನ್ ತಡೆಯಲಾರದೆ, ಅಂದಾಜಿನಲ್ಲಿ ತಯಾರಿಸಿದವಳು ನಾನು. ಎಲ್ಲಿ ವ್ಯತ್ಯಾಸ ಇರುತ್ತೆ ಅಂತ ಹುಡುಕಬೇಕಾಗಲೇ ಇಲ್ಲ.

ಟೈಮ್‌ಶೀಟ್ ಮಾತ್ರ ಇವತ್ತಿಗೂ ಒಗ್ಗಿಲ್ಲ. ಯಾವ ಕ್ಲೈಂಟಿಗೆ ಎಷ್ಟು ಗಂಟೆ ಅಂತ ದಿನಾ ಬರೆಯಬೇಕು. ಕಾರ್ಖಾನೆಯಲ್ಲಿ ಕಾಫಿಗೆ ಹೋದರೆ ಕಾಫಿಗೆ ಹೋದೆ ಅಷ್ಟೇ. ಇಲ್ಲಿ ಆ ಕಾಲು ಗಂಟೆ ಯಾರ ಲೆಕ್ಕಕ್ಕೆ ಅಂತ ಯೋಚನೆ.

ಹೊರಡುವ ಮನಸ್ಸಿದ್ದವರಿಗೆ ಒಂದು ಮಾತು. ನಾನು ಸೇರಿದ್ದು ಫೆಬ್ರವರಿಯಲ್ಲಿ. ಸಿಸ್ಟಂ ಕಲಿಯುವ ಮೊದಲೇ ಮಾರ್ಚ್ ಎಂಡ್ ಬಂತು. ಅಲ್ಲಿಂದ ಮೇ ಕೊನೆಯವರೆಗೆ ಮಗಳನ್ನು ನೋಡಿದ್ದು ಅವಳು ಮಲಗಿದ್ದಾಗಲೇ. ಸಾಧ್ಯವಾದರೆ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಸೇರಿಕೊಳ್ಳಿ. ಕಂಪನಿಗಳ ವಾರ್ಷಿಕ ಸಭೆಗಳ (ಎಜಿಎಂ) ಸೆಪ್ಟೆಂಬರ್ 30ರ ಗಡುವು ಮುಗಿದಿರುತ್ತದೆ. ಕೇಳಿದ್ದಕ್ಕೆ ಕೂತು ಉತ್ತರ ಹೇಳುವಷ್ಟು ಪುರುಸೊತ್ತು ಸೀನಿಯರ್‌ಗಳಿಗೆ ಆಗ ಇರುತ್ತದೆ.