ಮೊದಲ ಸೋಲೋಗೆ ಹೊಸ ವಾಚ್ ಬೇಡ

ಬೆಂಗಳೂರಿನ ಜಕ್ಕೂರಿನಲ್ಲೋ ಬೇರೆಲ್ಲೋ ಫ್ಲೈಯಿಂಗ್ ಕಲಿಯುತ್ತಾ ಮೊದಲ ಸೋಲೋಗೆ (ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬರೇ ಹಾರುವುದಕ್ಕೆ) ಕಾಯುತ್ತಿರುವವರಿಗೆ ಒಂದು ಮಾತು. ಆ ದಿನಕ್ಕೆಂದು ಹೊಸ ವಾಚ್ ಕೊಳ್ಳಬೇಡಿ. ಕಣ್ಣಿಗೆ ರೂಢಿಯಾದ ಹಳೆಯದನ್ನೇ ಕಟ್ಟಿಕೊಳ್ಳಿ. ಮುಳ್ಳು ನೋಡಿ ಅರೆಕ್ಷಣದಲ್ಲಿ ಟೈಮ್ ತಿಳಿಯಬೇಕು, ಅಷ್ಟೇ.

ಎಡಗೈಗೇ ಕಟ್ಟಿ. ಎಡ ಸೀಟಿನಲ್ಲಿ ಕೂತು ಸೆಸ್ನಾದ (ಚಿಕ್ಕ ವಿಮಾನದ) ಯೋಕ್, ಅಂದರೆ ಸ್ಟಿಯರಿಂಗ್ ಹಿಡಿದಾಗ ಡಯಲ್ ತಾನಾಗೇ ಕಣ್ಣಿಗೆ ಬೀಳುತ್ತದೆ. ಬಲಗೈ ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ಥ್ರಾಟಲ್ ಮೇಲಿರುತ್ತದಲ್ವಾ? ಪಟ್ಟಿ ಸಡಿಲ ಇರಬಾರದು. ಸ್ಮಾರ್ಟ್‌ವಾಚ್ ಆದರೆ ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿ. ಫೈನಲ್‌ನಲ್ಲಿ, ಅಂದರೆ ಇಳಿಯಲು ರನ್‌ವೇಗೆ ನೇರ ಬರುವಾಗ, ಮಣಿಕಟ್ಟು ಗುಂಯ್ ಅಂದರೆ ಗಮನ ಹೋಗೇ ಹೋಗುತ್ತದೆ. ಮನೆಯಲ್ಲಿ ಅಪ್ಪನದೋ ಅಜ್ಜನದೋ ಎಚ್‌ಎಂಟಿ ಪೈಲಟ್ ವಾಚ್ ಇದ್ದರೆ ಬಹಳ ಒಳ್ಳೆಯದು. ಕಪ್ಪು ಡಯಲ್, ಓದಲು ಸುಲಭ. ಬೆಳಿಗ್ಗೆ ಕೀ ಕೊಡುವುದು ಮಾತ್ರ ಮರೆಯಬೇಡಿ.

ವಾಚ್‌ನ ಮುಖ್ಯ ಕೆಲಸ ಇಂಧನದ ಲೆಕ್ಕ: ಎಂಜಿನ್ ಎಷ್ಟು ಹೊತ್ತು ಓಡಿತು ಅನ್ನುವುದರಿಂದ ಎಷ್ಟು ಖರ್ಚಾಯಿತೆಂದು ತಿಳಿಯುತ್ತದೆ. ಚಿಕ್ಕ ವಿಮಾನಗಳ ಫ್ಯೂಯಲ್ ಗೇಜನ್ನು ಪೂರ್ತಿ ನಂಬುವ ಹಾಗಿಲ್ಲ. ಹತ್ತುವ ಮೊದಲು ಟ್ಯಾಂಕಿಗೆ ಡಿಪ್‌ಸ್ಟಿಕ್ (ಅಳತೆ ಕಡ್ಡಿ) ಹಾಕಿ ನೋಡಿ, ಎಂಜಿನ್ ಸ್ಟಾರ್ಟ್ ಆದ ಹೊತ್ತನ್ನು ತೊಡೆಗೆ ಕಟ್ಟಿಕೊಳ್ಳುವ ನೀ-ಪ್ಯಾಡ್ ಮೇಲೆ ಬರೆದುಕೊಳ್ಳಿ. ಸೋಲೋ ಒಂದೇ ಸರ್ಕ್ಯೂಟ್ (ಏರಿ, ರನ್‌ವೇ ಸುತ್ತಿ ಇಳಿಯುವ ಒಂದು ಸುತ್ತು) ಆದರೂ ಈ ಅಭ್ಯಾಸ ಅಂದಿನಿಂದಲೇ ಇರಲಿ.

ಟವರ್ (ವಿಮಾನ ನಿಲ್ದಾಣದ ಕಂಟ್ರೋಲ್) ಹೇಳುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ನಮ್ಮ ಸಮಯದಿಂದ 5 ಗಂಟೆ 30 ನಿಮಿಷ ಕಳೆಯಬೇಕು. ಬೆಳಿಗ್ಗೆ 7:10 ಅಂದರೆ 0140. ಗಾಳಿಯಲ್ಲಿ ಈ ಲೆಕ್ಕ ಬೇಡ, ನೆಲದಲ್ಲೇ ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಇನ್‌ಸ್ಟ್ರಕ್ಟರ್ ಇಳಿದ ಮೇಲೆ ವಿಮಾನ ಹಗುರ, ಬೇಗ ಏರುತ್ತದೆ. ಸರ್ಕ್ಯೂಟ್ ಎತ್ತರ ಎಂದಿಗಿಂತ ಮೊದಲೇ ಬಂದುಬಿಡುತ್ತದೆ. ಆಗ ವಾಚ್ ಬಿಡಿ, ಎತ್ತರ ತೋರಿಸುವ ಆಲ್ಟಿಮೀಟರ್ ನೋಡಿ.