ಅರ್ಧ ಹಾಜರಿ

ಕೊಡಗಿನ ಸಿದ್ದಾಪುರ ಕಡೆಯ ಒಂದು ಕಾಫಿ ತೋಟದಲ್ಲಿ ನಾನು 26 ವರ್ಷ ರೈಟರ್ ಆಗಿದ್ದೆ. ರೈಟರ್ ಅಂದರೆ ಕಥೆ ಬರೆಯುವವನಲ್ಲ, ಹಾಜರಿ ಬರೆಯುವವನು. ಬೆಳಿಗ್ಗೆ ಚೆಕ್‌ರೋಲ್ ಹಿಡಿದು ನಿಂತರೆ ಯಾರು ಬಂದರು, ಯಾರು ತಡ ಮಾಡಿದರು, ಕೊಯ್ಲಿನ ಹೊತ್ತಿನಲ್ಲಿ ಯಾರ ಚೀಲ ಎಷ್ಟು ತೂಗಿತು, ಎಲ್ಲ ನನ್ನ ಪೆನ್ನಿನ ತುದಿಯಲ್ಲಿತ್ತು.

ಭಾನುವಾರದ ಪೂಜೆ ತಪ್ಪಿಸಿದವನಲ್ಲ. ಚರ್ಚಿಗೆ ಸುಣ್ಣ ಬಳಿಯುವಾಗ ಏಣಿ ಹತ್ತಿದ್ದೇನೆ. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರೆ, ಒಂದು ವರ್ಷ ಅವರಲ್ಲಿ ನಾನೂ ಒಬ್ಬ. ಮನೆಯಲ್ಲೇ ಸೋಪು ಹಾಕಿ, ಕಲ್ಲಿನಿಂದ ತಿಕ್ಕಿ, ಬೆಳ್ಳಗೆ ಮಾಡಿಕೊಂಡು ಹೋಗಿದ್ದೆ. ಕೊಳೆ ಕಾಲನ್ನು ಫಾದರ್ ಮುಂದೆ ಚಾಚುವುದು ಹೇಗೆ, ಅಲ್ವಾ? ಯೇಸುವಿನ ಶಿಷ್ಯನಾಗುವುದು ಅಂದರೆ ಹೆಚ್ಚುಕಮ್ಮಿ ಇಷ್ಟೇ ಅಂದುಕೊಂಡಿದ್ದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ನಾವೂ ಪಿಕಪ್‌ನಲ್ಲಿ ಅಕ್ಕಿ, ಕಂಬಳಿ, ಚಾಪೆ ತುಂಬಿಕೊಂಡು ಮಡಿಕೇರಿಗೆ ಓಡಿದೆವು. ಮರುವರ್ಷ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳಿಗೆ ನುಗ್ಗಿದಾಗ ಮತ್ತೆ ಓಡಿದೆವು. ಫೋಟೋಗಳಿವೆ. ಸುಳ್ಳು ಯಾಕೆ ಹೇಳಲಿ, ಅದು ಸುಲಭದ ಕೆಲಸ. ಊರಿಗೆ ಊರೇ ಓಡುವಾಗ ಕಾಲು ತಾನಾಗಿ ಏಳುತ್ತದೆ. ನೀರು ಇಳಿಯಿತು, ನನ್ನ ಉಮೇದೂ ಇಳಿಯಿತು.

ಕೆಲಸದಿಂದ ನಿವೃತ್ತನಾದ ಮೇಲೆ ನಮ್ಮ ಧರ್ಮಕೇಂದ್ರದ ವಿನ್ಸೆಂಟ್ ಡಿ ಪಾಲ್ ಸಭೆಗೆ ಸೇರಿದೆ. ಈ ಸಭೆ ಶುರುವಾದದ್ದು 1833ರಲ್ಲಿ, ಪ್ಯಾರಿಸ್‌ನಲ್ಲಿ. ಫ್ರೆಡರಿಕ್ ಓಜನಾಂ ಎಂಬ ಇಪ್ಪತ್ತು ವರ್ಷದ ಕಾಲೇಜು ಹುಡುಗ ಧರ್ಮದ ಪರವಾಗಿ ವಾದ ಮಾಡುತ್ತಿದ್ದನಂತೆ. ನಿಮ್ಮ ಚರ್ಚು ಹಿಂದೆ ಒಳ್ಳೆಯದು ಮಾಡಿರಬಹುದು, ಈಗ ಬಡವರಿಗೆ ನೀವೇನು ಮಾಡುತ್ತಿದ್ದೀರಿ ಎಂದು ಎದುರಿನವರು ಕೇಳಿದರು. ಆತ ಗೆಳೆಯರನ್ನು ಕಟ್ಟಿಕೊಂಡು ಬಡವರ ಮನೆಗೆ ಸೌದೆ ಹೊತ್ತ. ಸಭೆಯ ಪದ್ಧತಿ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ವಾರಕ್ಕೊಮ್ಮೆ ಸೇರುವುದು. ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುವುದು. ಕೊನೆಗೆ ಒಂದು ಬಟ್ಟೆ ಚೀಲ ಸುತ್ತು ಬರುತ್ತದೆ, ಅದರೊಳಗೆ ಕೈ ಹಾಕಿ ಆದಷ್ಟು ಬಿಡುವುದು. ಯಾರು ಎಷ್ಟು ಬಿಟ್ಟರು ಅಂತ ಪಕ್ಕದವರಿಗೂ ಗೊತ್ತಾಗುವುದಿಲ್ಲ. ಎಲ್ಲರ ಲೆಕ್ಕ ಬರೆದು ಅಭ್ಯಾಸವಾಗಿದ್ದ ನನಗೆ ಇದು ಮೊದಮೊದಲು ಕಸಿವಿಸಿ.

ಒಂದು ವಾರ ಲೂಕನ ಶುಭಸಂದೇಶದ ಒಂಬತ್ತನೇ ಅಧ್ಯಾಯ ಓದಿದೆವು. ನನ್ನ ಹಿಂದೆ ಬರುವವನು ತನ್ನ ಶಿಲುಬೆ ಹೊತ್ತು ಬರಲಿ ಎಂಬ ಯೇಸುವಿನ ಮಾತು ಮತ್ತಾಯ, ಮಾರ್ಕರಲ್ಲೂ ಇದೆ. ಆದರೆ ದಿನಾ ಹೊರಬೇಕು ಅನ್ನುವವನು ಲೂಕ ಒಬ್ಬನೇ. ಹಾಜರಿ ಬರೆದವನಿಗೆ ಈ 'ದಿನಾ' ಅನ್ನುವುದು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚುತ್ತದೆ.

ನನಗೂ ನನ್ನ ಜೊತೆಗಾರರಾದ ನಿವೃತ್ತ ಮೇಷ್ಟ್ರಿಗೂ ಕೊಟ್ಟ ಪಟ್ಟಿಯಲ್ಲಿ ಮೊದಲ ಮನೆಯೇ ನಾನು ಕೆಲಸ ಮಾಡಿದ ತೋಟದ ಲೈನ್‌ಮನೆ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ ಒಂದು. ಪಿರಿಯಾಪಟ್ಟಣ ಕಡೆಯಿಂದ ಎಳೆ ವಯಸ್ಸಿನಲ್ಲೇ ಕೂಲಿಗೆ ಬಂದ ಅಜ್ಜಿ. ಮಗಳೊಂದಿಗೆ ಇದ್ದಾರೆ. ಮಂಡಿ ನೋವು, ಕೆಲಸಕ್ಕೆ ಆಗುವುದಿಲ್ಲ. ಗೋಡೆಯ ಮೇಲೆ ಮಾದಪ್ಪನ ಫೋಟೋ, ಹೊಗೆಗೆ ಅರ್ಧ ಕಪ್ಪಾಗಿತ್ತು. ಐದು ಕೆ.ಜಿ. ಅಕ್ಕಿ ಇಟ್ಟು, ಬಂದ ಕಾರಣ ಹೇಳಿದೆ. ಅಜ್ಜಿ ಅಕ್ಕಿ ಕಡೆ ನೋಡಲಿಲ್ಲ.

"ಆನೆ ನಿಂತಿದ್ದು ನಿಜ, ರೈಟ್ರೇ" ಅಂದರು.

ನನಗೆ ಅರ್ಥವಾಗಲಿಲ್ಲ. ಹತ್ತು ವರ್ಷಕ್ಕೂ ಹಿಂದಿನ ಮಾತಂತೆ. ಕೆರೆಯ ಹತ್ತಿರ ದಾರಿಗೆ ಅಡ್ಡ ಆನೆ ನಿಂತು, ಇವರು ಸುತ್ತು ಹಾಕಿ ಬರುವಷ್ಟರಲ್ಲಿ ತಡವಾಗಿತ್ತು. ನಾನು ನಂಬಲಿಲ್ಲ. ಅರ್ಧ ಹಾಜರಿ ಹಾಕಿದೆ. ನನಗೆ ನೆನಪೇ ಇರಲಿಲ್ಲ. ಅವರಿಗೆ ವಾರವೂ ನೆನಪಿತ್ತು. ಇಂಥ ಅರ್ಧಗಳನ್ನು 26 ವರ್ಷದಲ್ಲಿ ಎಷ್ಟು ಹಾಕಿದ್ದೇನೋ!

ಮೇಷ್ಟ್ರು ಮೆಲ್ಲಗೆ ಮಾತು ತಿರುಗಿಸಿ, ಪಿಂಚಣಿ ಬರುತ್ತದಾ ಅಜ್ಜಿ ಅಂತ ಕೇಳಿದರು. ಇಲ್ಲ. ಆಧಾರ್ ಇಲ್ಲ. ಆಧಾರ್ ಯಾಕಿಲ್ಲ? ಇಲ್ಲೇ ಇರುವವರು ಅನ್ನುವುದಕ್ಕೆ ಒಂದು ಕಾಗದವೂ ಇಲ್ಲ. ಕಾಗದ ಯಾಕಿಲ್ಲ? ಅಜ್ಜಿ ನನ್ನ ಮುಖ ನೋಡಿದರು. ಹಿಂದೆ ಕೇಳಲು ಬಂದಿದ್ದರು. ತೋಟದಿಂದ ಅಂಥದ್ದೆಲ್ಲ ಕೊಡುವುದಿಲ್ಲ ಅಂತ ಕಳಿಸಿದವನು ನಾನೇ.

ಮನೆಗೆ ಬಂದು ಬೈಬಲಿನ ಜಕ್ಕಾಯನ ಕಥೆ ಓದಿದೆ. ಈ ಸುಂಕದವನು ಯೇಸುವನ್ನು ನೋಡಲು ಮರ ಹತ್ತಿದ್ದು ಸಂಡೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಇಳಿದ ಮೇಲೆ ಮಾಡಿದ್ದನ್ನು ನಾವು ಬೇಗ ದಾಟಿಬಿಡುತ್ತೇವೆ. ಆಸ್ತಿಯ ಅರ್ಧ ಬಡವರಿಗೆ ಕೊಡುತ್ತೇನೆ ಅಂದ. ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ. ಇವು ಎರಡು ಬೇರೆ ಲೆಕ್ಕ. ದಾನದ ಕಾಲಂ ಬೇರೆ, ಬಾಕಿಯ ಕಾಲಂ ಬೇರೆ. ನಾನು ಇಷ್ಟು ವರ್ಷ ಮೊದಲನೆಯದನ್ನು ಮಾತ್ರ ತುಂಬುತ್ತಿದ್ದೆ.

ಆಗಿನ ಅರ್ಧ ದಿನದ ಕೂಲಿ 60 ರೂಪಾಯಿ ಇದ್ದೀತು. ಮುಂದಿನ ಗುರುವಾರ 240 ರೂಪಾಯಿ ಕೊಟ್ಟು, ತಪ್ಪಾಯಿತು ಅಂದೆ. ಅಜ್ಜಿ ಎರಡು ಸಲ ಎಣಿಸಿ, ಎಲೆಯಡಿಕೆ ಚೀಲಕ್ಕೆ ತುರುಕಿದರು. ಕಣ್ಣೀರು ಬರಲಿಲ್ಲ, ಅವರಿಗೂ ಇಲ್ಲ, ನನಗೂ ಇಲ್ಲ. "ಮತ್ತೆ ಆ ಕಾಗದ?" ಅಂದರು.

ಹಾಗಾಗಿ ಸಾವ್ಕಾರ್ರ ಬಂಗಲೆಗೆ ಹೋದೆ. ಹಳೇ ಅಭ್ಯಾಸ, ಮೆಟ್ಟಿಲ ಕೆಳಗೇ ನಿಂತೆ. ವಿಷಯ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಏನ್ರೀ ರೈಟ್ರೇ, ಕಾಗದ ಕೊಟ್ಟರೆ ನಾಳೆ ಮನೆ ನಮ್ಮದೇ ಅಂತಾರೆ, ಕೊಡೋದು ಬೇಡ ಅಂತ ಹೇಳಿದ್ದು ನೀವೇ ಅಲ್ವಾ?" ಅಂದರು.

ಹೌದು. ನಾನೇ. ಸಾವ್ಕಾರ್ರನ್ನು ಒಪ್ಪಿಸಲು ಒಂದು ಭಾಷಣ ತಯಾರು ಮಾಡಿಕೊಂಡು ಹೋಗಿದ್ದೆ, ಅದು ಅಲ್ಲೇ ಉದುರಿಹೋಯಿತು. ಆವತ್ತು ಹೇಳಿದ್ದು ತಪ್ಪು, ಈಗ ಬರೆದುಕೊಡಿ ಅಂದೆ. ಮೂರು ಸಲ ಅಲೆಸಿದರು. ನಾಲ್ಕನೇ ಸಲ ಲೆಟರ್‌ಹೆಡ್‌ನಲ್ಲಿ ನಾನೇ ಬರೆದೆ, ಅವರು ಸಹಿ ಹಾಕಿದರು. ಅದನ್ನು ಹಿಡಿದು ಪಂಚಾಯಿತಿಗೆ ಹೋದೆವು. ಅಲ್ಲಿ ಆಧಾರ್‌ನ ಫಾರಂಗೆ ಸಹಿ, ಸೀಲು ಬಿತ್ತು.

ಆಧಾರ್ ಕೇಂದ್ರದಲ್ಲಿ ಇನ್ನೊಂದು ಪೇಚು. ಅಜ್ಜಿಯ ಬೆರಳಚ್ಚು ಮೆಷಿನ್ ತೆಗೆದುಕೊಳ್ಳಲಿಲ್ಲ. ಆಪರೇಟರ್ ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು, ತನ್ನ ಕೈಯಿಂದ ಒತ್ತಿ ಹಿಡಿದಳು. ಆಗಲಿಲ್ಲ. ಆ ಕೈಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೆಬ್ಬೆರಳು, ತೋರುಬೆರಳಿನ ತುದಿ ನಯವಾದ ಮರದ ಹಾಗಿತ್ತು, ಗೆರೆಯೇ ಇಲ್ಲ. ನಲವತ್ತು ವರ್ಷ ಕಾಫಿ ಹಣ್ಣು ಬಿಡಿಸಿದ ಬೆರಳು. ಅವರು ಬಿಡಿಸಿದ್ದನ್ನು ಕೆ.ಜಿ. ಲೆಕ್ಕದಲ್ಲಿ ಬರೆದವನು ನಾನು. ಕೊನೆಗೆ ಕಣ್ಣಿನ ಸ್ಕ್ಯಾನ್ ಸರಿಯಾಗಿ ಬಂತು, ಅರ್ಜಿ ದಾಟಿತು. ಆಮೇಲೆ ಬ್ಯಾಂಕು, ನಾಡಕಚೇರಿ. ಆ ಅಲೆದಾಟ ಬರೆಯುತ್ತಾ ಹೋದರೆ ನಿಮಗೆ ಬೇಜಾರು, ನನಗೂ. ಈಗ ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಅಜ್ಜಿಯ ಖಾತೆಗೆ ಬರುತ್ತಿದೆ.

ಇದರಿಂದ ನಮ್ಮ ಗುರುವಾರಗಳ ರೀತಿ ಬದಲಾಯಿತು. ಅಕ್ಕಿ ಈಗಲೂ ಒಯ್ಯುತ್ತೇವೆ, ಬೇಕಾದವರಿಗೆ. ಆದರೆ ಜಾಸ್ತಿ ಕೆಲಸ ಕಾಗದದ್ದೇ. ಸಂಜೆ ನಾಲ್ಕೂವರೆ ಮೇಲೆ, ಕೂಲಿ ಮುಗಿಸಿ ಅವರು ಒಲೆ ಹಚ್ಚುವ ಹೊತ್ತಿಗೆ ಹೋಗುತ್ತೇವೆ. ಕತ್ತಲಾಗುವ ಮೊದಲು ಹೊರಡುತ್ತೇವೆ, ಆನೆಗೆ ನಮ್ಮ ಸೇವೆಯ ಬಗ್ಗೆ ಏನೂ ಗೊತ್ತಿಲ್ಲವಲ್ಲ. ಫೋಟೋ ತೆಗೆಯುವುದಿಲ್ಲ. ಪ್ರಾರ್ಥನೆ ನಮ್ಮದು, ಹೊರಡುವ ಮೊದಲು ಚರ್ಚಿನಲ್ಲೇ ಮುಗಿದಿರುತ್ತದೆ. ಒಮ್ಮೆ ಟ್ರ್ಯಾಕ್ಟರ್ ನಿಲ್ಲಿಸಿದ ಹುಡುಗನೊಬ್ಬ, "ಜಾತಿ ಕೆಡಿಸೋಕೆ ಬಂದ್ರಾ?" ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಒಳಗಿನಿಂದ, "ಕೆಡಿಸಿದ್ದನ್ನ ಸರಿ ಮಾಡೋಕೆ ಬಂದವ್ರೆ, ನೀನು ಹೋಗು" ಅಂದರು. ಹೊಗಳಿಕೆಯೋ ಬೈಗುಳವೋ ಇನ್ನೂ ತಿಳಿದಿಲ್ಲ.

ನಮ್ಮ ದಾರಿಯಲ್ಲಿ ಆನಂದಪುರ ಸಿಗುತ್ತದೆ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೊಗ್ಲಿಂಗ್, ಆಮೇಲೆ ಕೊಡಗಿಗೆ ಬಂದು ಭೂಮಿಯಿಲ್ಲದ ಕೂಲಿ ಕುಟುಂಬಗಳನ್ನು ನೆಲೆ ನಿಲ್ಲಿಸಿದ ಜಾಗ ಅದು. ಅವರು ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟ್, ನಾವು ಕಥೋಲಿಕರು. ಪತ್ರಿಕೆ ಮಾಡಿದವನು ಅಂತಲೇ ಅವರನ್ನು ಎಲ್ಲರೂ ನೆನೆಯುವುದು. ನನಗೆ ಮಾತ್ರ ಈಗ ಆ ಬೋರ್ಡು ಕಂಡಾಗಲೆಲ್ಲ, ಕೂಲಿಯವರಿಗೆ ನಮ್ಮೂರು ಅಂತ ಹೇಳಿಕೊಳ್ಳಲು ಒಂದು ಹೆಸರು ಸಿಕ್ಕಿತಲ್ಲ ಅನ್ನಿಸುತ್ತದೆ.

ಈ ವಾರ ಪಟ್ಟಿಯಲ್ಲಿ ಮೂರು ಮನೆ. ಒಬ್ಬ ಅಕ್ಕನ ಪಿಎಫ್ ಹಣ ಬಂದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್ ಫಾರಂನಲ್ಲಿ ಇನ್ನೊಂದು. ಹೆಸರು ತಿದ್ದಿಸುವ ಜಾಯಿಂಟ್ ಡಿಕ್ಲರೇಶನ್ ಅರ್ಜಿಗೆ ತೋಟದವರ ಸಹಿ ಬೇಕು, ಅಂದರೆ ಮತ್ತೆ ಅದೇ ಮೆಟ್ಟಿಲು. ಹಳೇ ಫಾರಂನ ಜೆರಾಕ್ಸ್ ನೋಡಿ ಮೇಷ್ಟ್ರು, "ಯಾರ್ರೀ ಇದನ್ನ ಹೀಗೆ ಬರೆದದ್ದು?" ಅಂತ ರೇಗಿದರು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಅಕ್ಷರ ನನ್ನದೇ.